ಕೀಮೋ ಕುರ್ಚಿಯಲ್ಲಿ ಓದಬಾರದ ಪುಸ್ತಕಗಳು

ಕೀಮೋ ತಗೊಳ್ಳುವವರಿಗೆ ಕೊಡಬಾರದ ಪುಸ್ತಕಗಳ ಪಟ್ಟಿಯೊಂದನ್ನು ಯಾರಾದರೂ ಬರೆದು ಆಸ್ಪತ್ರೆ ಗೋಡೆಗೆ ಅಂಟಿಸಬೇಕು. ‘ಚಪ್ಪಲಿ ಹೊರಗೆ ಬಿಡಿ’ ಬೋರ್ಡಿನ ಪಕ್ಕದಲ್ಲೇ ಆದರೆ ಒಳ್ಳೆಯದು. ನನಗೆ ಲಿಂಫೋಮಾ, ಅಂದ್ರೆ ಒಂದು ಬಗೆಯ ರಕ್ತದ ಕ್ಯಾನ್ಸರ್, ಅಂತ ಸುದ್ದಿ ಹಬ್ಬಿದ್ದೇ ತಡ, ಮನೆಗೆ ಪುಸ್ತಕ ಬರೋಕೆ ಶುರುವಾಯಿತು. ಮನಸ್ಸನ್ನು ಗೆಲ್ಲುವುದು ಹೇಗೆ ಅನ್ನೋದು ಬಂತು, ಉಸಿರಾಟದಿಂದ ಸರ್ವರೋಗ ನಿವಾರಣೆ ಬಂತು, ಕರ್ಮದ ಬಗ್ಗೆ ಒಂದು ಬಂತು (ಹೋದ ಜನ್ಮದಲ್ಲಿ ಏನು ಮಾಡಿದ್ದೆ ಅಂತ ಈಗ ತಿಳ್ಕೊಂಡು ಏನು ಮಾಡಲಿ ಹೇಳಿ). ಎಲ್ಲಕ್ಕೂ ಕಳಶ ಇಟ್ಟ ಹಾಗೆ ದೂರದ ಸಂಬಂಧಿಯೊಬ್ಬರು, ಒಳ್ಳೆ ಮನುಷ್ಯರೇ, ಗರುಡ ಪುರಾಣ ತಂದರು. ಮನೆಯಲ್ಲಿ ಯಾರಾದರೂ ಹೋದಮೇಲೆ ಆ ಸೂತಕದ ದಿನಗಳಲ್ಲಿ ಓದಿಸುವ ಪುಸ್ತಕ ಅದು. “ಟೈಮ್ ಇದ್ದಾಗ ಓದು, ತುಂಬಾ ಚೆನ್ನಾಗಿದೆ” ಅಂದರು. ನನ್ನ ಹೆಂಡತಿ ಪುಸ್ತಕ ನೋಡಿದಳು, ಅವರನ್ನು ನೋಡಿದಳು. ಅವತ್ತು ಅವರಿಗೆ ಕಾಫಿ ಸಿಗಲಿಲ್ಲ.

ದೊಡ್ಡ ಪುಸ್ತಕವೂ ಆಗೋದಿಲ್ಲ. ಇದು ಅನುಭವದ ಮಾತು. ಹೇಗೂ ಗಂಟೆಗಟ್ಟಲೆ ಕೂರಬೇಕಲ್ಲ, ಎಷ್ಟೋ ವರ್ಷದಿಂದ ಮತ್ತೊಮ್ಮೆ ಓದಬೇಕು ಅಂದುಕೊಂಡಿದ್ದ ‘ಮಲೆಗಳಲ್ಲಿ ಮದುಮಗಳು’ ಮುಗಿಸಿಬಿಡೋಣ ಅಂತ ಚೀಲಕ್ಕೆ ಹಾಕಿಕೊಂಡು ಹೋದೆ. ಕುವೆಂಪು ಅದನ್ನು ಬರೆದದ್ದು ಎರಡೂ ಕೈ ಖಾಲಿ ಇರುವವರಿಗೆ. ನನ್ನ ಒಂದು ಕೈಯಲ್ಲಿ ಡ್ರಿಪ್ಪಿನ ಸೂಜಿ. ಇನ್ನೊಂದರಲ್ಲೇ ಎತ್ತಿ ಹಿಡಿದರೆ ಎರಡು ಪುಟಕ್ಕೆ ಮಣಿಕಟ್ಟು ಸೋಲುತ್ತೆ, ಎದೆ ಮೇಲೆ ಇಟ್ಟುಕೊಂಡರೆ ಉಸಿರು ಕಟ್ಟುತ್ತೆ, ಎರಡೂ ಕೈ ಸೇರಿಸಿದರೆ ಮೊಣಕೈ ಮಡಚಿ ಪೈಪು ಬಿಗಿದು ಪಂಪು ಕೀಂ ಕೀಂ ಅಂತ ಬಡಿದುಕೊಳ್ಳೋಕೆ ಶುರು ಮಾಡುತ್ತೆ. ಹಾಗೆ ಬಡಿದುಕೊಂಡಾಗಲೆಲ್ಲ ನರ್ಸ್ ಓಡಿ ಬಂದು ಸರಿಮಾಡಿ ಹೋಗೋರು. ಕೊನೆಗೊಮ್ಮೆ, “ಅಂಕಲ್, ಇದಕ್ಕಿಂತ ಚಿಕ್ಕದು ಇಲ್ವಾ?” ಅಂದರು.

ಇನ್ನು ಔಷಧಗಳೇ ಓದಿಗೆ ಅಡ್ಡ. ನನಗೆ ಕೊಟ್ಟದ್ದು ಆರ್-ಚಾಪ್ ಅನ್ನೋದು. ಐದು ಔಷಧ, ಇಪ್ಪತ್ತೊಂದು ದಿನಕ್ಕೊಂದು ಸೈಕಲ್. ಮೊದಲನೆಯದನ್ನು ಹಾಕುವ ಮುಂಚೆ ಮೈಗೆ ಒಗ್ಗದೆ ಹೋದೀತು ಅಂತ ಅವಿಲ್ ಚುಚ್ಚುತ್ತಾರೆ. ಅವಿಲ್ ಒಳಗೆ ಹೋದಮೇಲೆ ಒಂದೇ ಸಾಲನ್ನು ಎಷ್ಟು ಸಲ ಓದಿದರೂ ಅದು ಹೊಸದೇ. ಇನ್ನೊಂದು ಔಷಧ ಡಾಕ್ಸೊರುಬಿಸಿನ್, ಜಾತ್ರೆ ಶರಬತ್ತಿನ ಹಾಗೆ ಕೆಂಪು ಕೆಂಪಗಿರುತ್ತೆ. ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತೆ, ಗಾಬರಿ ಬೇಡ ಅಂತ ಮೊದಲೇ ಹೇಳಿದ್ದರಂತೆ. ಹೇಳಿದಾಗ ನಾನು ಅವಿಲ್ ನಿದ್ದೆಯಲ್ಲಿದ್ದೆ. ರಾತ್ರಿ ಬಚ್ಚಲಲ್ಲಿ ನೋಡಿ ನಾನು ಕಿರುಚಿಕೊಂಡರೆ, ಹೆಂಡತಿ ಮಲಗಿದಲ್ಲಿಂದಲೇ “ಮಧ್ಯಾಹ್ನ ಬೀಟ್‌ರೂಟ್ ಪಲ್ಯ ತಿಂದಿದ್ರಲ್ಲ, ಬಂದು ಮಲ್ಕೊಳ್ಳಿ” ಅಂದು ಮಗ್ಗುಲು ಬದಲಿಸಿದಳು. ನಾನೂ ಹೋಗಿ ಮಲಗಿದೆ. ನಿದ್ದೆಯೂ ಬಂತು.

ಆ ರಾತ್ರಿ ಬಂತು, ಅಷ್ಟೇ. ಈ ಐದರಲ್ಲಿ ಪ್ರೆಡ್ನಿಸೊಲೋನ್ ಅನ್ನೋ ಮಾತ್ರೆಯೂ ಇದೆ, ಸ್ಟಿರಾಯ್ಡ್. ಪ್ರತಿ ಸೈಕಲ್ಲಿನಲ್ಲೂ ಐದು ದಿನ ನುಂಗಬೇಕು. ಆ ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ ಕಣ್ಣು ಬಲ್ಬಿನ ಹಾಗೆ ಹತ್ತಿಕೊಳ್ಳುತ್ತೆ, ಜೊತೆಗೆ ಹಸಿವು ಬೇರೆ. ನಿಜವಾಗಿ ಓದಲು ಸಿಗುವ ಟೈಮ್ ಅದು. ಡಬ್ಬದಲ್ಲಿದ್ದ ಚಕ್ಕುಲಿಯನ್ನು ಸದ್ದಾಗದಂತೆ ಬಾಯಲ್ಲಿ ನೆನೆಸಿ ತಿನ್ನುತ್ತಾ ಓದಿದ್ದೇ ಓದಿದ್ದು. ಆ ಹೊತ್ತಿಗೆ ಬೇಕಾದ್ದು ಏನು ಅಂತ ಬೇಗ ಗೊತ್ತಾಯಿತು: ಕೈಯಲ್ಲಿ ಹಗುರ ಇರಬೇಕು, ಎರಡು ಮೂರು ಪುಟಕ್ಕೆ ಒಂದು ಬರಹ ಮುಗಿಯಬೇಕು, ಮುಗಿಯುವ ಹೊತ್ತಿಗೆ ನಗು ಬರಬೇಕು.

ಅಟ್ಟದ ಮೇಲೆ ಅಪ್ಪ ಬೈಂಡ್ ಮಾಡಿಸಿಟ್ಟಿದ್ದ ಹಳೇ ಹಾಸ್ಯಪತ್ರಿಕೆ ‘ಕೊರವಂಜಿ’ಯ ಸಂಚಿಕೆಗಳಿದ್ದವು. ಬಿಳಿ ರಕ್ತಕಣ ಕಮ್ಮಿಯಾಗಿರುವವನು ಮುಟ್ಟಬಾರದಷ್ಟು ಧೂಳು. ಹೆಂಡತಿ ಬಾಯಿಗೆ ಸೆರಗು ಕಟ್ಟಿಕೊಂಡು ಒರೆಸಿ, ತಾರಸಿಯ ಮೇಲೆ ಸಂಡಿಗೆ ಪಕ್ಕ ಒಣಗಿ ಹಾಕಿ, ಕಾಗೆ ಓಡಿಸೋಕೆ ಅಮ್ಮನನ್ನು ಕೂರಿಸಿದಳು. ಕೊರವಂಜಿ ಶುರು ಮಾಡಿದ್ದು ‘ರಾಶಿ’ ಅಂತ ಬರೀತಿದ್ದ ಡಾಕ್ಟರ್ ಎಂ. ಶಿವರಾಂ. ಹಗಲು ಔಷಧ ಬರೆದುಕೊಟ್ಟು, ಮಿಕ್ಕ ಟೈಮಲ್ಲಿ ನಗೆ ಬರೆದವರು. ನಿಂತುಹೋದದ್ದು 1967ರಲ್ಲಿ, ಹುಟ್ಟಿದ್ದು 1942ರಲ್ಲಿ. ಆ 1942 ನನ್ನನ್ನು ಹಿಡಿದುಕೊಂಡಿತು. ಯಾಕಂದ್ರೆ ಆ ವಾರವೇ ಮೈದುನ ತಂದುಕೊಟ್ಟಿದ್ದ ಸಿದ್ಧಾರ್ಥ ಮುಖರ್ಜಿಯವರ ಕ್ಯಾನ್ಸರ್ ಇತಿಹಾಸದ ಪುಸ್ತಕವನ್ನೂ ತಿರುವಿ ಹಾಕ್ತಿದ್ದೆ. ಯುದ್ಧದ ಸಾಸಿವೆ ಅನಿಲ ಬಿಳಿ ರಕ್ತಕಣಗಳನ್ನು ಇಳಿಸಿಬಿಡುತ್ತೆ ಅಂತ ಗೊತ್ತಾದ ಮೇಲೆ, ಅದೇ ಜಾತಿಯ ನೈಟ್ರೋಜನ್ ಮಸ್ಟರ್ಡ್ ಅನ್ನು ಅಮೆರಿಕದ ಯೇಲ್‌ನಲ್ಲಿ ಒಬ್ಬ ರೋಗಿಗೆ ಮೊದಲ ಸಲ ಕೊಟ್ಟು ನೋಡಿದ್ದೂ 1942ರಲ್ಲೇ. ಆತನಿಗೂ ಲಿಂಫೋಮಾ. ನನ್ನ ಐದರಲ್ಲಿ ಒಂದಾದ ಸೈಕ್ಲೋಫಾಸ್ಫಮೈಡ್ ಅದರದ್ದೇ ವಂಶ. ಅಂದ್ರೆ ಆ ಕಡೆ ಕೀಮೋ ಹುಟ್ಟಿದ ವರ್ಷವೇ ಬೆಂಗಳೂರಲ್ಲಿ ಕೊರವಂಜಿ ಹುಟ್ಟಿದೆ. ಇಬ್ಬರೂ ಯಾವಾಗಲೂ ಒಟ್ಟಿಗೇ ಬರಬೇಕಿತ್ತು, ಆಸ್ಪತ್ರೆಯವರು ಒಬ್ಬರನ್ನು ಮಾತ್ರ ಬಿಲ್ಲಿಗೆ ಹಾಕ್ತಿದ್ದಾರೆ ಅನ್ನಿಸಿತು. ಇದನ್ನು ಹೆಂಡತಿಗೆ ಹೇಳಿದೆ. “ರಾತ್ರಿ ಎರಡೂವರೆಗೆ ಇದನ್ನ ಹೇಳೋಕೆ ಎಬ್ಬಿಸಿದ್ರಾ?” ಅಂದಳು.

ಅದಾದ ಮೇಲೆ ಎಬ್ಬಿಸೋದು ಬಿಟ್ಟೆ. ಆದರೆ ನಗು ತಡೆಯೋಕಾಗಬೇಕಲ್ಲ. ಒಂದಿನ ಬೀಚಿಯವರ ತಿಂಮನ ಪ್ರಸಂಗವೊಂದನ್ನು ಓದಿ, ಸದ್ದು ಬರಬಾರದು ಅಂತ ಹೊದಿಕೆ ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಮಂಚ ಅಲುಗಾಡಿದೆ. ಅವಳು ಎದ್ದು, ಕತ್ತಲಲ್ಲೇ ನನ್ನ ಬೆನ್ನು ಸವರುತ್ತಾ, “ಎಲ್ಲಾ ಸರಿಹೋಗುತ್ತೆ ಕಣ್ರೀ, ಅಳಬೇಡಿ, ನಾನಿಲ್ವಾ” ಅಂದಳು. ಅವಳ ಗಂಟಲೂ ಕಟ್ಟಿತ್ತು. ನಾನು ಇನ್ನೂ ಜೋರಾಗಿ ಅಲುಗಾಡಿದೆ. ಅವಳು ಹೊದಿಕೆ ಎಳೆದು ನೋಡಿದರೆ ಒಳಗೆ ಮೊಬೈಲ್ ಟಾರ್ಚು, ಬೀಚಿ, ಚಕ್ಕುಲಿ ಡಬ್ಬ. ಆಮೇಲೆ ಬೈದದ್ದನ್ನು ಇಲ್ಲಿ ಬರೆಯೋಕಾಗಲ್ಲ. ಜಾಸ್ತಿ ಸಿಟ್ಟು ಬಂದದ್ದು ಚಕ್ಕುಲಿಗೆ, ಅದನ್ನು ನೆಂಟರಿಗೆ ಅಂತ ಎತ್ತಿಟ್ಟಿದ್ದಳಂತೆ.

ಐದರಲ್ಲಿ ಇನ್ನೊಂದಾದ ವಿನ್‌ಕ್ರಿಸ್ಟಿನ್ ಕಥೆಯೇ ಬೇರೆ. ಅದರಿಂದ ಬೆರಳ ತುದಿ ಜೋಮು ಹಿಡಿಯುತ್ತೆ. ಅಂಗಿ ಗುಂಡಿ ಹಾಕೋಕೆ ಹೆಂಡತಿ ಬೇಕು. ಪುಟ ಮಗುಚಿದರೆ ಒಟ್ಟಿಗೆ ಮೂರ್ನಾಲ್ಕು ಹೋಗುತ್ತೆ, ಈ ಪುಟದಲ್ಲಿ ಹೆಣ್ಣು ನೋಡೋಕೆ ಬಂದವನು ಮುಂದಿನ ಪುಟದಲ್ಲಿ ಮೊಮ್ಮಗನ ನಾಮಕರಣಕ್ಕೆ ಓಡಾಡ್ತಿರ್ತಾನೆ. ಆ ಔಷಧ ಸಿಕ್ಕಿದ್ದು ನಮ್ಮೆಲ್ಲರ ಅಂಗಳದ ನಿತ್ಯಪುಷ್ಪದ ಗಿಡದಿಂದ. ನೀರು ಹಾಕದಿದ್ದರೂ ಕಾಂಪೌಂಡ್ ಸಂದಿಯಲ್ಲಿ ಬೆಳೆದು ಹೂ ಬಿಡುತ್ತಲ್ಲ, ಆಡೂ ಮೂಸದ ಗಿಡ, ಅದೇ. ಅಮ್ಮ ದಿನಾ ಪೂಜೆಗೆ ಕೀಳುವ ಹೂವಿನ ಗಿಡ ನನ್ನ ನರದೊಳಗೆ ಹೋಗ್ತಿದೆ ಅಂತ ನೋಡೋಕೆ ಬಂದಿದ್ದ ಚಿಕ್ಕಮ್ಮನಿಗೆ ಖುಷಿಯಲ್ಲಿ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಚಿಕ್ಕಮ್ಮ ಫ್ಲಾಸ್ಕ್ ಹಿಡಿದು ಹಾಜರ್. “ಅಷ್ಟು ದುಡ್ಡು ಯಾಕೋ ಸುರೀತೀಯ? ಎಲೆ ಕುದಿಸಿ ಕಷಾಯ ಮಾಡ್ಕೊಂಡು ಬಂದಿದೀನಿ, ಬೆಲ್ಲ ಹಾಕಿದೀನಿ, ಕುಡಿ.” ಒಂದು ಸಲಕ್ಕೆ ನನಗೆ ಹಾಕುವುದು ಹೆಚ್ಚಂದ್ರೆ 2 ಮಿಲಿಗ್ರಾಂ, ರಾಶಿ ರಾಶಿ ಎಲೆಯಿಂದ ಶುದ್ಧ ಮಾಡಿ ತೆಗೆದದ್ದು, ಗಿಡ ವಿಷ, ಕುಡಿದರೆ ಆಸ್ಪತ್ರೆಗೇ ಹೋಗಬೇಕು ಅಂತ ವಿವರಿಸಿದೆ. “ನೀನು ಹೇಗೂ ಆಸ್ಪತ್ರೆಗೆ ಹೋಗೋನೇ ಅಲ್ವಾ” ಅಂದರು. ಆ ಕಷಾಯ ಬಚ್ಚಲಿಗೆ ಹೋಯಿತು. ಲಕ್ಷ್ಮಣಫಲದ ಎಲೆ, ಪಪ್ಪಾಯಿ ಎಲೆ, ಗೋಧಿ ಹುಲ್ಲು, ಗೋಮೂತ್ರ ಎಲ್ಲವೂ ಅದೇ ದಾರಿ ಹಿಡಿದವು. ಪ್ರೀತಿಯಿಂದ ತಂದದ್ದು ನಿಜ. ಆದರೆ ಕೀಮೋ ನಡೆಯುವಾಗ ಡಾಕ್ಟರನ್ನು ಕೇಳದೆ ಇಂಥದ್ದು ಕುಡಿಯಬೇಡಿ, ಲಿವರ್ ಒಂದೇ ಇರೋದು.

ಕೂದಲಿನ ವಿಷಯ ಹೇಳದೆ ಹೋದರೆ ನೀವು ಕೇಳ್ತೀರ. ನನ್ನ ತಲೆಯಲ್ಲಿ ಕೀಮೋಗೆ ಹೆಚ್ಚು ಕೆಲಸ ಇರಲಿಲ್ಲ, ಮುಕ್ಕಾಲು ಪಾಲು ವಯಸ್ಸೇ ಮುಗಿಸಿತ್ತು. ಮೀಸೆ ಹೋದದ್ದು ಪೆಟ್ಟು. ನುಣ್ಣನೆ ತಲೆ ನೋಡಿದ ದಿನಸಿ ಅಂಗಡಿಯವರು “ತಿರುಪತಿಗೆ ಹೋಗಿದ್ರಾ? ನಮಗೊಂದು ಲಡ್ಡು ತರಲಿಲ್ವಲ್ಲ” ಅಂದರು. ಅದು ವಾಸಿ. ಮೀಸೆಯೂ ಇಲ್ಲದ್ದನ್ನು ಗಮನಿಸಿದ ಎದುರು ಮನೆಯವರು ಗೇಟಿನ ಹತ್ತಿರ ಬಂದು, ದನಿ ತಗ್ಗಿಸಿ, “ಅಯ್ಯೋ, ನಮಗೆ ಗೊತ್ತೇ ಆಗಲಿಲ್ಲ ಸಾರ್. ಅಮ್ಮ ಯಾವಾಗ…?” ಅಂದರು. ನಾನು ಬಾಯಿ ಬಿಡುವ ಮುಂಚೆ ಒಳಗಿನಿಂದ ಅಮ್ಮ, “ಯಾರೋ ಅದು?” ಅಂತ ಕೂಗಿದರು. ಆ ಮನುಷ್ಯ ಅಷ್ಟು ಬೇಗ ರಸ್ತೆ ದಾಟಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ವಾರ್ಡಿನಲ್ಲಿ ನನ್ನ ಪಕ್ಕದ ಕುರ್ಚಿಗೆ ಬರ್ತಿದ್ದವರು ಚನ್ನರಾಯಪಟ್ಟಣದ ಕಡೆಯವರು, ತೆಂಗಿನ ತೋಟ ಇದೆ. ಅವರು ಪುಸ್ತಕ ಮುಟ್ಟಿದವರಲ್ಲ, ಟಿವಿಯಲ್ಲಿ ಸೀರಿಯಲ್ ನೋಡ್ತಾ ಸೊಸೆಯಂದಿರನ್ನು ಬೈಯೋರು. ನಾನು ತೇಜಸ್ವಿಯವರ ‘ಕರ್ವಾಲೋ’ ಓದ್ತಿದ್ದೆ. ಸಣ್ಣ ಪುಸ್ತಕ, ಕೀಮೋಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. “ಏನ್ ಸಾರ್, ಒಬ್ರೇ ನಗ್ತೀರಿ?” ಅಂದರು. ಮಂದಣ್ಣ ಬರುವ ಎರಡು ಪುಟ ಜೋರಾಗಿ ಓದಿದೆ. “ಇಂಥೋನು ನಮ್ಮೂರಲ್ಲೂ ಒಬ್ಬ ಅವ್ನೆ ಸಾರ್, ತಡೀರಿ ತಡೀರಿ, ಟಿವಿ ಆಫ್ ಮಾಡಿಸ್ತೀನಿ” ಅಂದರು. ಟಿವಿ ಆಫ್ ಮಾಡಿಸಿದ್ದಕ್ಕೆ ಆ ಕಡೆ ಕೂತಿದ್ದ ಹೆಂಗಸರು ಗಲಾಟೆ ಮಾಡಿದರು. ಆಮೇಲೆ ಅವರೂ ಕೇಳೋಕೆ ಕೂತರು, ಸೀರಿಯಲ್ ಟೈಮಿಗೆ ಮಾತ್ರ ನಿಲ್ಲಿಸಬೇಕು ಅನ್ನೋ ಷರತ್ತಿನ ಮೇಲೆ.

ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಎಲ್ಲರೂ ಕಾಡಿಗೆ ಹೊರಡುವ ಹೊತ್ತಿಗೆ ನನ್ನ ಸೈಕಲ್‌ಗಳು ಮುಗಿದವು. ತೋಟದವರು “ಪುಸ್ತಕ ಕೊಟ್ಟೋಗಿ ಸಾರ್, ಮಗಳ ಕೈಲಿ ಓದಿಸ್ಕೋತೀನಿ” ಅಂದರು. ಕೊಟ್ಟೆ. ಅವರದ್ದೂ ಮುಗಿದಿದೆ, ಈಗ ಇಬ್ಬರೂ ಬರೀ ಸ್ಕ್ಯಾನಿಂಗ್‌ಗೆ ಹೋಗಿಬರುವವರು. ತೆಂಗಿನಕಾಯಿ ಮೂಟೆ ಕಳಿಸಿದ್ದಾರೆ, ಪುಸ್ತಕ ಕಳಿಸಿಲ್ಲ. ಹೋದ ವಾರ ಫೋನ್ ಮಾಡಿ ಕೇಳಿದೆ.

“ಕೊನೇ ಹತ್ತು ಪುಟ ಅದೆ ಸಾರ್. ಮಗಳು ಹಾಸ್ಟೆಲ್‌ಗೆ ಹೊಂಟೋದ್ಲು. ಆ ಓತಿ ಸಿಗುತ್ತೋ ಇಲ್ವೋ, ಅಷ್ಟು ಹೇಳ್ಬಿಡಿ.”

“ಮೊದಲು ಪುಸ್ತಕ ಕಳಿಸಿ, ಆಮೇಲೆ ಹೇಳ್ತೀನಿ.”

“ಅಂಗಾರೆ ನಂಗ್ ಗೊತ್ತಾಗೋದೇ ಬ್ಯಾಡ ಬಿಡಿ ಸಾರ್” ಅಂತ ಇಟ್ಟುಬಿಟ್ಟರು.