ಅಜ್ಜಿಯ ಟಿಫನ್ ಕ್ಯಾರಿಯರ್

ನಾನು ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಒಂದು ರಾತ್ರಿ ಬೀಗರೂಟ ಉಂಡ ಒಂಬತ್ತು ಜನ ವಾಂತಿ ಮಾಡಿಕೊಳ್ಳುತ್ತಾ ಬಂದರು. ಜೊತೆಗೆ ಬಂದ ಅಜ್ಜಿ ಕೈಯಲ್ಲಿ ಸ್ಟೀಲ್ ಟಿಫನ್ ಕ್ಯಾರಿಯರ್. ತಳದಲ್ಲಿ ಎರಡು ಸೌಟಿನಷ್ಟು ಸಾಗು. "ಇದನ್ನ ನೋಡಪ್ಪ, ಯಾರೋ ಏನೋ ಹಾಕವ್ರೆ" ಅಂದರು. ನೋಡೋಕೆ ನಮ್ಮಲ್ಲಿ ಏನೂ ಇರಲಿಲ್ಲ. ಮೂರು ಕಡೆ ಫೋನ್ ಮಾಡಿದೆ. ಒಬ್ಬರು ಬೆಳಿಗ್ಗೆ ನೋಡೋಣ ಅಂದರು. ಇನ್ನೊಬ್ಬರು ಪೊಲೀಸ್ ಕೇಸ್ ಆಗಿದೆಯಾ ಅಂದರು. ಮತ್ತೊಬ್ಬರು ಎತ್ತಲೇ ಇಲ್ಲ. ಬೆಳಿಗ್ಗೆ ಕ್ಯಾರಿಯರ್ ತೊಳೆದು ಕಿಟಕಿ ಮೇಲೆ ಬೋರಲು ಹಾಕಿದ್ದರು. ಒಂಬತ್ತೂ ಜನ ಹುಷಾರಾದರು. ಆ ಸಾಗುವಿನಲ್ಲಿ ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.

ಹನೂರು ಕಡೆಯ ಸುಳ್ವಾಡಿ ನೆನಪಿದೆ ಅಲ್ವಾ? 2018ರ ಡಿಸೆಂಬರ್ 14, ಕಿಚ್ಚುಗುತ್ತಿ ಮಾರಮ್ಮನ ಗುಡಿ. ಪ್ರಸಾದದ ಬಾತ್ ತಿಂದು 17 ಜನ ಸತ್ತರು, ನೂರಕ್ಕೂ ಜಾಸ್ತಿ ಜನ ಆಸ್ಪತ್ರೆ ಸೇರಿದರು. ಬೇಕಂತಲೇ ಬೆರೆಸಿದ್ದು ಅಂದರು ಪೊಲೀಸರು. ಸಿಕ್ಕಿದ್ದು ಮೋನೊಕ್ರೋಟೊಫಾಸ್, ಹೊಲಕ್ಕೆ ಹೊಡೆಯುವ ಔಷಧಿ. 2013ರಲ್ಲಿ ಬಿಹಾರದ ಗಂಡಾಮನ್ ಶಾಲೆಯ ಬಿಸಿಯೂಟದಲ್ಲಿ 23 ಮಕ್ಕಳನ್ನು ಕೊಂದಿದ್ದೂ ಅದೇ.

ಈ ಜಾತಿಯ ವಿಷ ಡಾಕ್ಟರಿಗೆ ರೋಗಿಯ ಮುಖದಲ್ಲೇ ಕಾಣುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಾಯಲ್ಲಿ ಜೊಲ್ಲು ನಿಲ್ಲೋದಿಲ್ಲ. ರಿಪೋರ್ಟಿಗೆ ಕಾಯದೆ ಅಟ್ರೋಪಿನ್ ಅನ್ನೋ ಮದ್ದು ಕೊಡುತ್ತಾರೆ. ಹೀಗೆ ಗುರುತು ಕೊಡದ ವಿಷ ಬಂದರೆ?

2006ರ ಆಹಾರ ಸುರಕ್ಷತೆ ಕಾಯ್ದೆ ಪ್ರಕಾರ ಆಹಾರ ವಿಶ್ಲೇಷಕರು ವರದಿ ಕೊಡಲು 14 ದಿನ ಟೈಮ್ ಇದೆ. ಕಲಬೆರಕೆ ಎಣ್ಣೆ ಹಿಡಿಯೋಕೆ ಅದು ಸಾಕು. ಐಸಿಯುನಲ್ಲಿ ಮಲಗಿದವರಿಗೆ? ಯಂತ್ರಕ್ಕೆ ಅಷ್ಟು ದಿನ ಬೇಡ, ಕೀಟನಾಶಕ ಹುಡುಕಲು ತಯಾರಿ ಸೇರಿ ಕೆಲವೇ ಗಂಟೆ ಸಾಕು. ಪೊಲೀಸರ ವಿಧಿವಿಜ್ಞಾನ ಲ್ಯಾಬ್ ಬೇರೆ, ಅದರ ವರದಿ ಹೋಗೋದು ಕೋರ್ಟಿಗೆ. ವಾರ್ಡಿನ ಡಾಕ್ಟರಿಗಾಗಿಯೇ ಕೆಲಸ ಮಾಡುವ ಲ್ಯಾಬ್ ಹತ್ತಿರದಲ್ಲಿ ಬೇಕು ಅಂತ ನಾನು ಕೇಳುತ್ತಿರೋದು.

ಸ್ಯಾಂಪಲ್ ಎತ್ತಿಡೋದು ಎಷ್ಟು ಮುಖ್ಯ ಅನ್ನೋದಕ್ಕೆ ಅಮೆರಿಕದ ಕಥೆ ಇದೆ. 1984ರಲ್ಲಿ ಒರೆಗಾನ್‌ನ ದಿ ಡ್ಯಾಲ್ಸ್ ಊರಿನ ಹೋಟೆಲುಗಳಲ್ಲಿ ರಜನೀಶರ ಕೆಲವು ಅನುಯಾಯಿಗಳು ಸಲಾಡಿಗೆ ಸಾಲ್ಮೊನೆಲ್ಲಾ ಅನ್ನೋ ವಾಂತಿಭೇದಿ ತರುವ ರೋಗಾಣು ಬೆರೆಸಿದರು. 751 ಜನ ಕಾಯಿಲೆ ಬಿದ್ದರು. ಲ್ಯಾಬ್ ರೋಗಾಣು ಹಿಡಿಯಿತು, ಆದರೆ ತಪ್ಪು ಬಿದ್ದದ್ದು ಹೋಟೆಲ್ ಕೆಲಸದವರ ಕೈಯ ಮೇಲೆ. ಮರುವರ್ಷ ಆಶ್ರಮದ ಲ್ಯಾಬಿನಲ್ಲಿ ಒಂದು ಸೀಸೆ ಸಿಕ್ಕಿತು. ರೋಗಿಗಳಿಂದ ತೆಗೆದ ರೋಗಾಣುವಿಗೂ ಅದಕ್ಕೂ ತಾಳೆಯಾಯಿತು.

ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ವಾಂತಿ, ರಕ್ತ, ಉಳಿದ ಊಟ ಎತ್ತಿಡಲು ಸೀಲ್ ಹಾಕುವ ಡಬ್ಬಿಗಳು ಇರಲಿ. ಯಾವ ಲ್ಯಾಬಿಗೆ, ಯಾರ ಕೈಲಿ ಕಳಿಸಬೇಕು ಅಂತ ಗೋಡೆ ಮೇಲೆ ಬರೆದಿರಲಿ. ರಾತ್ರಿ ಎರಡಕ್ಕೂ ಫೋನ್ ಎತ್ತುವವರು ಒಬ್ಬರಿರಲಿ.

ಜಾತ್ರೆಗೆ, ಮದುವೆಗೆ ಅಡುಗೆ ಮಾಡಿಸುವವರೇ, ಬಡಿಸುವ ಮುಂಚೆ ಪ್ರತಿ ಪಾತ್ರೆಯಿಂದ ಒಂದು ಬಟ್ಟಲು ಎತ್ತಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಎರಡು ದಿನ ಬಿಟ್ಟು ತೊಳೀರಿ.