ಲಕ್ಷ ಕೊಟ್ಟು ಪಂಪು ಹೊಡೆಯುವ ಸುಖ

ಈ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರುತ್ತದೆ ಬಿಡಿ. ನೀಲಿ ಸಮುದ್ರ, ಬಿಳಿ ಹಾಯಿದೋಣಿ, ಅದರ ಮೂತಿಯಲ್ಲಿ ಕಾಲು ಚಾಚಿ ಕೂತ ನಾಲ್ಕು ಜನ. ನಾಲ್ವರಿಗೂ ಒಂದೇ ಥರದ ಹಲ್ಲು. ಹಿಂದೆ ಸ್ಯಾಂಟೊರಿನಿ ದ್ವೀಪದ ನೀಲಿ ಗುಮ್ಮಟ. ಗ್ರೀಸ್‌ನಲ್ಲಿ ಒಂದು ವಾರ, ಶೇರಿಂಗ್ ಯಾಟ್, ಅಂದರೆ ಬೇರೆಯವರ ಜೊತೆ ಹಂಚಿಕೊಳ್ಳುವ ಹಾಯಿದೋಣಿ, ಅದನ್ನು ನಡೆಸುವ ಸ್ಕಿಪ್ಪರ್ ಸಮೇತ. ಪ್ರವಾಸಿಗರಾಗಬೇಡಿ, ನಾವಿಕರಾಗಿ! ಅಪ್ಪಿತಪ್ಪಿ ಬೆರಳು ತಾಗಿತೋ, ಮುಗೀತು. ಆಮೇಲೆ ತಿಂಗಳಿಡೀ ಅದೇ ಹಲ್ಲು.

ಮೊದಲೆಲ್ಲ ಯಾಟ್ ಎನ್ನುವುದು ಸಾಲ ಕಟ್ಟದೆ ದೇಶ ಬಿಟ್ಟವರ ಫೋಟೊದಲ್ಲಿ ಮಾತ್ರ ಕಾಣುತ್ತಿತ್ತು. ಈಗ ಸಾಲ ಕಟ್ಟುತ್ತಿರುವವರಿಗೂ ಸಿಗುತ್ತಿದೆ. ಸೀಸನ್ನಿನಲ್ಲಿ ತಲೆಗೆ ಸಾವಿರ ಯೂರೋ ಆಸುಪಾಸು, ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ ರೂಪಾಯಿ. ವಿಮಾನ ಬೇರೆ. ವೀಸಾ ಬೇರೆ. ಗ್ರೀಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾದ ಫೀ 2024ರ ಜೂನ್‌ನಿಂದ 90 ಯೂರೋ ಆಗಿದೆ. ವೀಸಾ ಕೊಡದೆ ಕಳಿಸಿದರೂ ಆ ದುಡ್ಡು ವಾಪಸ್ ಬರುವುದಿಲ್ಲ. ಬೆಂಗಳೂರಿನಲ್ಲಿ ಫೈಲು ಹಿಡಿದು ಸಾಲಿನಲ್ಲಿ ನಿಂತ ಭಾವೀ ನಾವಿಕರು ಮೊದಲು ಸಾಬೀತು ಮಾಡಬೇಕಾದದ್ದು, ನಾವು ಖಂಡಿತ ದಡಕ್ಕೆ ವಾಪಸ್ ಬರುತ್ತೇವೆ ಅಂತ.

ಆ ಗುಮ್ಮಟದ ವಿಷಯ ಹೇಳಿಬಿಡುತ್ತೇನೆ. ಅಥೆನ್ಸ್‌ನ ಅಲಿಮೊಸ್ ಎಂಬ ಯಾಟ್ ಬಂದರಿನಿಂದ ಶನಿವಾರ ಹೊರಟು ಮುಂದಿನ ಶನಿವಾರ ಅಲ್ಲಿಗೇ ಬರಬೇಕಾದ ದೋಣಿ ಸಾಮಾನ್ಯವಾಗಿ ಸ್ಯಾಂಟೊರಿನಿಗೆ ಹೋಗುವುದೇ ಇಲ್ಲ. ದೂರ ಜಾಸ್ತಿ. ಹೋದರೂ ಆ ಗುಮ್ಮಟದ ಕೆಳಗೆ ನಿಲ್ಲಲು ಆಗುವುದಿಲ್ಲ. ಅದು ಜ್ವಾಲಾಮುಖಿ ಸಿಡಿದು ಆದ ಗುಂಡಿ, ನೂರಾರು ಮೀಟರ್ ಆಳ. ಲಂಗರು ಬಿಟ್ಟರೆ ತಳ ಸಿಗುವುದಿಲ್ಲ. ಹಾಗಾಗಿ ನಿಮ್ಮ ದೋಣಿ ಹೋಗುವುದು ಈಜಿನಾ, ಪೊರೊಸ್, ಹೈಡ್ರಾ ದ್ವೀಪಗಳ ಕಡೆಗೆ. ಇಲ್ಲವೇ ಕೆಯಾ, ಕಿಥ್ನೊಸ್ ಕಡೆಗೆ. ಚೆಂದದ ಊರುಗಳೇ. ಆದರೆ ಆಫೀಸಿನಲ್ಲಿ ಕಿಥ್ನೊಸ್‌ಗೆ ಹೋಗಿದ್ದೆ ಎಂದರೆ ಯಾರ ಹೊಟ್ಟೆಯೂ ಉರಿಯುವುದಿಲ್ಲ. ಲಕ್ಷ ಸುರಿದದ್ದು ಅದಕ್ಕೇ ಅಲ್ವಾ?

ದೋಣಿ ನಲವತ್ತು ಚಿಲ್ಲರೆ ಅಡಿ ಉದ್ದ. ಮೂರು ನಾಲ್ಕು ಕ್ಯಾಬಿನ್, ಆರೆಂಟು ಜನ. ಒಬ್ಬರೇ ಬುಕ್ ಮಾಡಿದರೆ ಗುರುತು ಪರಿಚಯ ಇಲ್ಲದವರ ಜೊತೆ ಒಂದೇ ಹಾಸಿಗೆ ಗೂಡು. ಬೇಡ ಎಂದರೆ ಹೆಚ್ಚಿನ ದುಡ್ಡು. ನಮ್ಮ ರಾತ್ರಿ ಬಸ್ಸಿನ ಡಬಲ್ ಸ್ಲೀಪರ್‌ನಲ್ಲಿ ಯಾರೋ ಅಪರಿಚಿತರ ಗೊರಕೆ ಕೇಳುತ್ತಾ ಮಲಗಿದ ಹಾಗೆ. ಬಸ್ಸಾದರೆ ಬೆಳಗ್ಗೆ ಆರಕ್ಕೆ ಮಂಗಳೂರು ಬಂದುಬಿಡುತ್ತದೆ.

ಇನ್ನು ಟಾಯ್ಲೆಟ್. ಜಾಹೀರಾತಿನವರು ಇದರ ಫೋಟೊ ಹಾಕುವುದಿಲ್ಲ. ಹತ್ತಿದ ದಿನವೇ ಸ್ಕಿಪ್ಪರ್ ಎಲ್ಲರನ್ನೂ ಕೂರಿಸಿ ಪಾಠ ಮಾಡುತ್ತಾನೆ. ಲೈಫ್‌ಜಾಕೆಟ್ ಬಗ್ಗೆ ಎರಡು ನಿಮಿಷ, ಗ್ಯಾಸ್ ಒಲೆ ಬಗ್ಗೆ ಒಂದು ನಿಮಿಷ, ಉಳಿದದ್ದೆಲ್ಲ ಟಾಯ್ಲೆಟ್ ಬಗ್ಗೆ. ನೀವು ಮೊದಲು ತಿಂದಿರದ ಯಾವ ವಸ್ತುವನ್ನೂ ಅದರೊಳಗೆ ಹಾಕುವಂತಿಲ್ಲ. ಪೇಪರ್ ಬುಟ್ಟಿಗೆ. ಆಮೇಲೆ ಪಕ್ಕದ ಕೈಪಂಪು ಹಿಡಿದು ಹೊಡೆಯಬೇಕು. ಇನ್ನೂ ಹೊಡೆಯಬೇಕು. ಸಾಕು ಅನ್ನಿಸಿದ ಮೇಲೂ ಹೊಡೆಯಬೇಕು. ನಮ್ಮವರಿಗೆ ಪೇಪರಿನ ಚಿಂತೆ ಇಲ್ಲ, ನೀರಿನದ್ದೇ ಚಿಂತೆ. ಟ್ಯಾಂಕಿನ ನೀರು ಎಲ್ಲರಿಗೂ ಸೇರಿದ್ದು, ಅಳೆದು ಬಳಸಬೇಕು. ಅಲೆ ಬಂದಾಗ ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಪಂಪು, ಬಾಟಲಿ ಹಿಡಿಯಲು ಮೂರನೇ ಕೈ ಇಲ್ಲ. ಗೋಡೆ ಬೇರೆ ತೆಳು. ಆಚೆ ಬದಿ ಕಾಫಿ ಕುಡಿಯುತ್ತಾ ಕೂತವರು ಪಂಪಿನ ಲೆಕ್ಕ ಹಾಕುತ್ತಿರುತ್ತಾರೆ. ನಾಗರಿಕತೆಯ ತೊಟ್ಟಿಲಲ್ಲಿ ತೂಗಿಸಿಕೊಳ್ಳುವುದು ಎಂದರೆ ಇದೇ ಇರಬೇಕು.

ಊಟದ ಖರ್ಚು ಪ್ಯಾಕೇಜಿನಲ್ಲಿ ಸೇರಿರುವುದಿಲ್ಲ. ಎಲ್ಲರೂ ಇಷ್ಟಿಷ್ಟು ಯೂರೋ ಒಂದು ಡಬ್ಬಕ್ಕೆ ಹಾಕಬೇಕು. ದಿನಸಿ, ಡೀಸೆಲ್, ಬಂದರಿನ ಬಾಡಿಗೆ, ಸ್ಕಿಪ್ಪರ್ ಊಟ, ಎಲ್ಲಕ್ಕೂ ಅದೇ ಡಬ್ಬ. ಮೊದಲ ದಿನ ಎಲ್ಲರೂ ಅಣ್ಣತಮ್ಮಂದಿರು. ಮೂರನೇ ದಿನ ಮೊಟ್ಟೆಯನ್ನೂ ಮುಟ್ಟದವರು ಆಕ್ಟೋಪಸ್‌ನ ಲೆಕ್ಕ ಕೇಳುತ್ತಾರೆ. ನಾಲ್ಕನೇ ದಿನ, ಬಿಯರ್ ಯಾರು ಎಷ್ಟು ಕುಡಿದರು ಎನ್ನುವುದಕ್ಕೆ ಎಕ್ಸೆಲ್ ಶೀಟ್ ತಯಾರಾಗುತ್ತದೆ.

ಇದು ಅಲ್ಲಿನ ನೀರಿನ ಗುಣ ಇರಬೇಕು. ಗ್ರೀಕರ ಕಥೆಯ ಒಡಿಸ್ಯೂಸ್‌ನನ್ನು ನೋಡಿ. ಯುದ್ಧ ಮುಗಿಸಿ ಮನೆಗೆ ಹೊರಟವನು ಹತ್ತು ವರ್ಷ ಅಲೆದ. ಗಾಳಿಯ ಒಡೆಯ ಏಯೊಲಸ್ ಪಾಪ ಅಂತ ಅಡ್ಡಗಾಳಿಯನ್ನೆಲ್ಲ ಒಂದು ಚರ್ಮದ ಚೀಲಕ್ಕೆ ತುಂಬಿ ಕಟ್ಟಿ ಕೊಟ್ಟ. ಒಂಬತ್ತು ದಿನ ಸಲೀಸಾಗಿ ಸಾಗಿತು. ಹತ್ತನೇ ದಿನ ಅವನ ಊರು ಇಥಾಕಾ ಕಣ್ಣಿಗೇ ಬಿತ್ತು, ಊರಿನ ಬೆಂಕಿ ಹೊಗೆ ಎಲ್ಲ ಕಾಣುತ್ತಿತ್ತು. ಅಷ್ಟೊತ್ತಿಗೆ ನಿದ್ದೆಗೆಟ್ಟ ಒಡಿಸ್ಯೂಸ್ ಒರಗಿದ. ಜೊತೆಗಿದ್ದವರಿಗೆ ಗುಮಾನಿ. ಚೀಲದಲ್ಲಿ ಬೆಳ್ಳಿ ಬಂಗಾರ ಇದೆ, ಇವನೊಬ್ಬನೇ ಹೊಡೆದುಕೊಳ್ಳುತ್ತಾನೆ ಅಂತ. ಬಿಚ್ಚಿದರು. ಗಾಳಿ ನುಗ್ಗಿತು, ಹಡಗು ಹೊರಟ ಜಾಗಕ್ಕೇ ವಾಪಸ್. ಏಯೊಲಸ್ ಎರಡನೇ ಸಲ ಬೈದು ಅಟ್ಟಿದ. ಕೊನೆಗೆ ಮನೆ ಮುಟ್ಟಿದ್ದು ಒಡಿಸ್ಯೂಸ್ ಒಬ್ಬನೇ. ಶೇರಿಂಗ್ ಟ್ರಿಪ್ಪಿನ ಬಗ್ಗೆ ಇಷ್ಟು ಪ್ರಾಮಾಣಿಕವಾದ ರಿವ್ಯೂ ನಾನು ಬೇರೆಲ್ಲೂ ನೋಡಿಲ್ಲ. ಈಗ ಅದೇ ಇಥಾಕಾಗೆ ಲೆಫ್ಕಾಡಾ ದ್ವೀಪದಿಂದ ವಾರದ ಪ್ಯಾಕೇಜ್ ಇದೆ.

ಗಾಳಿಯೇನೂ ಸುಧಾರಿಸಿಲ್ಲ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಎನ್ನುವ ಗಾಳಿ ಬೀಸುತ್ತದೆ. ಕೆಲವೊಮ್ಮೆ ದಿನಗಟ್ಟಲೆ. ಅಲ್ಲಿ ಸೀಸನ್ ಜೋರಾಗಿರುವುದೂ ಆಗಲೇ. ಪ್ಯಾಕೇಜಿನ ಸಣ್ಣಕ್ಷರದಲ್ಲಿ ಮಾರ್ಗ ಹವಾಮಾನಕ್ಕೆ ಒಳಪಟ್ಟಿದೆ ಎಂದಿರುತ್ತದೆ. ಅಂದರೆ ಒಂದೇ ಬಂದರಿನಲ್ಲಿ ಮೂರು ದಿನ ಒಂದೇ ಬೆಕ್ಕನ್ನು ನೋಡುತ್ತಾ ಕೂರುವುದು. ಗಾಳಿ ಬೀಸದಿದ್ದರೆ? ಇಂಜಿನ್. ಎದುರಿನಿಂದ ಬೀಸಿದರೂ ಇಂಜಿನ್. ಹಾಯಿ ಬಿಚ್ಚುವುದು ಫೋಟೊಗೆ, ಡೀಸೆಲ್ ಆ ಡಬ್ಬದಿಂದ.

ಹೈಡ್ರಾ ಬಂದರಿನ ಸಂಜೆಯೊಂದನ್ನು ಮಾತ್ರ ನಾನು ಮನಸಾರೆ ಹೊಗಳುತ್ತೇನೆ. ಪುಟ್ಟ ಬಂದರು. ಎಲ್ಲ ದೋಣಿಗಳೂ ಒಂದೇ ಹೊತ್ತಿಗೆ ಬರುತ್ತವೆ. ನಡುವೆ ಲಂಗರು ಬಿಟ್ಟು, ರಿವರ್ಸ್‌ನಲ್ಲಿ ಬಂದು, ಬೆನ್ನು ದಡಕ್ಕೆ ಕಟ್ಟಬೇಕು. ಒಬ್ಬರ ಸರಪಳಿಯ ಮೇಲೆ ಇನ್ನೊಬ್ಬರದು, ಅದರ ಮೇಲೆ ಮತ್ತೊಬ್ಬರದು. ಬೆಳಗ್ಗೆ ಮೊದಲು ಹೊರಟವನು ಮೂರು ದೇಶದವರ ಲಂಗರನ್ನು ಎತ್ತಿಕೊಂಡು ಹೊರಡುತ್ತಾನೆ. ಬೈಗುಳ ಐದು ಭಾಷೆಯಲ್ಲಿ. ಟಿಕೆಟ್ ಇಲ್ಲದೆ ಸಿಗುವ ಮನರಂಜನೆ ಇದೊಂದೇ.

ಇದೇ ಹೈಡ್ರಾದಲ್ಲಿ ಊರವರು ಕಾರು, ಸ್ಕೂಟರ್ ಓಡಿಸುವಂತಿಲ್ಲ. ಸಾಮಾನು ಹೊರುವುದು ಹೇಸರಗತ್ತೆ. ಊರಿನ ಅಂದ ಕೆಡಬಾರದು ನೋಡಿ. 2024ರ ಜೂನ್‌ನಲ್ಲಿ ಆ ದ್ವೀಪದ ಒಂದೇ ಒಂದು ಪೈನ್ ಕಾಡಿಗೆ ಬೆಂಕಿ ಬಿತ್ತು. ಯಾಟ್ ಒಂದರಿಂದ ಹಾರಿಸಿದ ಪಟಾಕಿ ಕಾರಣ ಎಂದು ಅಗ್ನಿಶಾಮಕ ದಳ ಹೇಳಿತು. 13 ಸಿಬ್ಬಂದಿಯ ಬಂಧನವಾಯಿತು. ಅದು ಶೇರಿಂಗ್ ಬಡಪಾಯಿಗಳ ದೋಣಿಯಲ್ಲ, ಇಡಿಯಾಗಿ ಬಾಡಿಗೆ ಹಿಡಿದ ದೊಡ್ಡವರದು. ಕಾಡಿಗೆ ರಸ್ತೆ ಇಲ್ಲ, ಆರಿಸುವವರು ಸಮುದ್ರದ ಮೇಲಿಂದ ಬರಬೇಕಾಯಿತು. ಊರಿನ ಮುದುಕನಿಗೆ ಮೊಪೆಡ್ ಬೇಡ, ಹೊಗೆ ಬರುತ್ತದೆ. ಬಂದವರಿಗೆ ಪಟಾಕಿ ಇರಲಿ.

ನಕ್ಸೊಸ್ ದ್ವೀಪದಲ್ಲಿ ಅದೇ ವರ್ಷ ದೊಡ್ಡ ಜಲಾಶಯ ಒಣಗಿತು. ಬಾವಿಗಳಿಗೆ ಉಪ್ಪುನೀರು ನುಗ್ಗಿತು. ಹೆಸರುವಾಸಿ ಆಲೂಗಡ್ಡೆ ಬೆಳೆಯುವ ಊರದು, ಗದ್ದೆಗೆ ನೀರಿಲ್ಲ. ಈಜುಕೊಳಗಳಲ್ಲಿ ನೀರಿತ್ತು. ಪಕ್ಕದ ಪಾರೊಸ್‌ನ ಜನ 2023ರಲ್ಲಿ ಟವೆಲ್ ಹಿಡಿದು ಬೀದಿಗಿಳಿದಿದ್ದರು. ಬಾಡಿಗೆ ಕುರ್ಚಿಗಳು ತುಂಬಿ, ತಮ್ಮೂರಿನ ಮರಳಿನ ಮೇಲೆ ಟವೆಲ್ ಹಾಸಲು ಜಾಗ ಇರಲಿಲ್ಲ ಅಂತ. ಸರ್ಕಾರ ದೂರು ಕೊಡಲು ಒಂದು ಆ್ಯಪ್ ಮಾಡಿಕೊಟ್ಟಿತು. ಎಲ್ಲ ಸರ್ಕಾರಗಳೂ ಒಂದೇ ಸ್ಕೂಲಿನಲ್ಲಿ ಓದಿರುತ್ತವೆ.

ಯಾಟ್‌ನವರನ್ನು ಕೇಳಿ ನೋಡಿ. ಛೆ, ನಾವು ಆ ಕ್ರೂಸ್ ಹಡಗಿನ ಕುರಿಮಂದೆಯಲ್ಲ ಎನ್ನುತ್ತಾರೆ. ನಿಜ. ಅವರು ಎಂಟೆಂಟೇ ಜನ ಬಂದು, ಪೊಸಿಡೋನಿಯಾ ಎನ್ನುವ ಕಡಲ ಹುಲ್ಲಿನ ಮೇಲೆ ಲಂಗರು ಎಳೆದು, ಬೇರು ಸಮೇತ ಕಿತ್ತು ಹೋಗುತ್ತಾರೆ. ಅದು ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು. ಎಷ್ಟೋ ಮೀನು ಮರಿ ಮಾಡುವುದು ಆ ಹುಲ್ಲಿನಲ್ಲೇ. ಆದರೂ ಅವರು ಪ್ರವಾಸಿಗರಲ್ಲ, ನಾವಿಕರು.

ಸ್ಯಾಂಟೊರಿನಿಯ ಆ ಫೇಸ್‌ಬುಕ್ ಮನವಿ ನಿಮಗೆ ನೆನಪಿರಬಹುದು. 2024ರ ಜುಲೈನ ಒಂದು ದಿನ. ಕ್ರೂಸ್ ಹಡಗುಗಳಲ್ಲಿ 17,000 ಜನ ಬರುವವರಿದ್ದರು. ದ್ವೀಪದ ಜನಸಂಖ್ಯೆ 15,000 ಚಿಲ್ಲರೆ. ಸ್ಥಳೀಯ ಆಡಳಿತದವರೊಬ್ಬರು ಊರವರಿಗೆ ವಿನಂತಿ ಮಾಡಿದರು, ಇವತ್ತು ಆದಷ್ಟು ಓಡಾಟ ಕಡಿಮೆ ಮಾಡಿ ಅಂತ. ಜನ ಉಗಿದರು, ಪೋಸ್ಟ್ ಮಾಯವಾಯಿತು.

ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೂ ಸುಸ್ತಾಯಿತು. ಸುಮ್ನೆ ಹೇಳುತ್ತೇನೆ. ಆ ದ್ವೀಪಗಳಲ್ಲಿ ಶಾಲೆ ಮೇಷ್ಟ್ರಿಗೆ, ಆಸ್ಪತ್ರೆ ಡಾಕ್ಟರಿಗೆ ಬಾಡಿಗೆ ಮನೆ ಸಿಗುತ್ತಿಲ್ಲ. ಸಿಕ್ಕರೂ ಬೇಸಿಗೆ ಬಂದ ಕೂಡಲೇ ಖಾಲಿ ಮಾಡಿ ಎನ್ನುತ್ತಾರೆ. ಯೂರೋಪಿನ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್ ಪ್ರಕಾರ 2024ರಲ್ಲಿ 46% ಗ್ರೀಕರಿಗೆ ವರ್ಷಕ್ಕೆ ಒಂದು ವಾರ ಎಲ್ಲಾದರೂ ಹೋಗಿ ಬರುವಷ್ಟು ದುಡ್ಡಿರಲಿಲ್ಲ. ಅರ್ಧ ದೇಶಕ್ಕೆ ತನ್ನದೇ ಸಮುದ್ರ ನೋಡಲು ಕೈಲಾಗುತ್ತಿಲ್ಲ. ಅವರು ದ್ವೀಪಕ್ಕೆ ಬಂದರೆ ತಟ್ಟೆ ತೊಳೆಯಲು ಬರಬೇಕು. ಇದನ್ನು ಪ್ರವಾಸೋದ್ಯಮದ ಯಶಸ್ಸು ಎಂದು ಭಾಷಣ ಮಾಡುವವರ ಮುಖ ನೋಡಲು ಬೇಜಾರು.

ಪರಿಹಾರ ಬಂದಿದೆ. 2025ರಿಂದ ಸ್ಯಾಂಟೊರಿನಿಯಲ್ಲಿ ಕ್ರೂಸ್ ಪ್ರಯಾಣಿಕರಿಗೆ ದಿನಕ್ಕೆ 8,000ದ ಮಿತಿ. ಅದೇ ವರ್ಷದ ಜುಲೈನಿಂದ ಅಲ್ಲಿ ಮತ್ತು ಮಿಕೊನೊಸ್ ದ್ವೀಪದಲ್ಲಿ ಸೀಸನ್ನಿನಲ್ಲಿ ಹಡಗಿನಿಂದ ಇಳಿದವರಿಗೆ ತಲಾ 20 ಯೂರೋ ತೆರಿಗೆ. ಎರಡು ಕಾಕ್‌ಟೇಲ್‌ಗೂ ಸಾಲದ ದುಡ್ಡಿಗೆ ಹೆದರಿ ಯಾರು ವಾಪಸ್ ಹೋಗುತ್ತಾರೋ ಕಾಣೆ. ಯಾವ ದಿನ ಎಷ್ಟು ಹಡಗು ಬರುತ್ತದೆ ಎಂಬ ಪಟ್ಟಿ ಬಂದರಿನಲ್ಲಿ ಮೊದಲೇ ಇರುತ್ತದೆ. ಅದನ್ನೇ ಒಂದು ಕ್ಯಾಲೆಂಡರ್ ಮಾಡಿ ಮನೆಮನೆಗೆ ಹಂಚಿದರೆ, ಊರವರು ಹಾಲು, ತರಕಾರಿ ಹಿಂದಿನ ದಿನವೇ ತಂದಿಟ್ಟುಕೊಂಡು ಬಾಗಿಲು ಹಾಕಿಕೊಳ್ಳಬಹುದು.