ಕತ್ತಿ ಮಾರಿಕೊಂಡ ಸಮುರಾಯ್

ಆಫೀಸು ಮುಗಿದ ಮೇಲೆ ಜೊತೆಯವರೊಂದಿಗೆ ಕುಡಿಯಲು ಹೋಗುವುದು ಜಪಾನಿನಲ್ಲಿ ಬಹಳ ಕಾಲ ಕೆಲಸದ್ದೇ ಭಾಗವಾಗಿತ್ತು. ಈಗ ಸ್ವಲ್ಪ ಸಡಿಲವಾಗಿದೆ. ಆದರೂ ದಿನಾ ತಪ್ಪಿಸಿಕೊಂಡರೆ ಟೋಕಿಯೊದಲ್ಲಿ ಜನ ಗಮನಿಸುತ್ತಾರೆ. ನಮ್ಮ ಕಡೆ ‘ಅಮ್ಮನಿಗೆ ಹುಷಾರಿಲ್ಲ’ ಅಂದರೆ ಸಾಕು, ‘ನೀನು ಮೊದಲು ಹೊರಡು ಮಾರಾಯ’ ಅಂತ ಪಕ್ಕದವರೇ ಎಬ್ಬಿಸಿ ಕಳಿಸುತ್ತಾರೆ, ಅಲ್ವಾ?

ಯೋಜಿ ಯಮಾದಾ ನಿರ್ದೇಶನದ 2002ರ ‘ದ ಟ್ವೈಲೈಟ್ ಸಮುರಾಯ್’ ಸಿನಿಮಾದ ಸೇಬೇಗೆ ಹಾಗೆ ಹೇಳುವವರು ಯಾರೂ ಇಲ್ಲ. ಹೆಸರಿಗೆ ಸಮುರಾಯ್, ಅಂದರೆ ಕತ್ತಿ ಹಿಡಿಯುವ ಯೋಧ; ಕೆಲಸ ಕೋಟೆಯ ಉಗ್ರಾಣದಲ್ಲಿ ಲೆಕ್ಕ ಬರೆಯುವುದು. ಹೆಂಡತಿ ಕ್ಷಯದಿಂದ ತೀರಿಕೊಂಡಿದ್ದಾಳೆ. ಮನೆಯಲ್ಲಿ ಇಬ್ಬರು ಚಿಕ್ಕ ಹೆಣ್ಣುಮಕ್ಕಳು, ಮಗನನ್ನೇ ಗುರುತಿಸದ ತಾಯಿ. ಸಂಜೆ ಕುಡಿಯಲು ಕರೆದರೆ ಒಲ್ಲೆ ಎಂದು ತಲೆಬಾಗಿ ಮನೆಗೆ ಹೊರಡುತ್ತಾನೆ. ಅದಕ್ಕೇ ಅವನಿಗೆ ‘ಮುಸ್ಸಂಜೆ ಸೇಬೇ’ ಎಂಬ ಅಡ್ಡಹೆಸರು. ರಾತ್ರಿ ಕೂತು ಹುಳು ಸಾಕುವ ಪುಟ್ಟ ಪಂಜರ ಹೆಣೆದು ನಾಲ್ಕು ಕಾಸು ನೋಡುತ್ತಾನೆ.

ಈ ಪಾತ್ರ ಮಾಡಿದ ಹಿರೊಯುಕಿ ಸನದಾ, ಹೊಡೆದಾಟದ ಸಿನಿಮಾಗಳ ನಟ ಸನ್ನಿ ಚಿಬಾ ಅವರ ಗರಡಿಯಲ್ಲಿ ಪಳಗಿದವರು. ಜಿಗಿಯುವುದು, ಕತ್ತಿ ಬೀಸುವುದು ಅವರಿಗೆ ಸಲೀಸು. ಇಲ್ಲಿ ಅದೆಲ್ಲವನ್ನೂ ಅದುಮಿಟ್ಟುಕೊಂಡಿದ್ದಾರೆ. ಬಗ್ಗಿದ ಹೆಗಲು, ಬೇರೆ ಸಮುರಾಯ್‌ಗಳಂತೆ ಬೋಳಿಸದ ನೆತ್ತಿ, ಹರಿದ ಕಿಮೊನೊ. ಉಗ್ರಾಣ ನೋಡಲು ಬಂದ ದೊರೆಗೆ ಇವನ ಮೈ ವಾಸನೆ ಬಡಿದಾಗ ಸನದಾ ಅವರ ಇಡೀ ಮೈ ಕುಗ್ಗುತ್ತದೆ.

ಕೊನೆಯ ಕಾಳಗವನ್ನಂತೂ ನಾನು ಮತ್ತೆ ಮತ್ತೆ ನೋಡುತ್ತೇನೆ. ಯೊಗೊ ಎಂಬವನನ್ನು ಕೊಲ್ಲಬೇಕೆಂದು ಸೇಬೇಗೆ ಮೇಲಿನವರ ಅಪ್ಪಣೆ. ಹೋದರೆ ಆತ ಕತ್ತಲೆ ಮನೆಯಲ್ಲಿ ಕುಡಿಯುತ್ತಾ ಕೂತಿದ್ದಾನೆ. ಇಬ್ಬರೂ ಬಡತನದ ಮಾತಾಡುತ್ತಾರೆ, ಸತ್ತ ಹೆಂಡತಿಯರ ಮಾತಾಡುತ್ತಾರೆ. ಆ ಸಲಿಗೆಯಲ್ಲಿ ಸೇಬೇ ಬಾಯಿಬಿಡುತ್ತಾನೆ: ಹೆಂಡತಿಯ ಅಂತ್ಯಕ್ರಿಯೆಗೆ ಉದ್ದನೆ ಕತ್ತಿ ಮಾರಿಬಿಟ್ಟೆ, ಒರೆಯಲ್ಲಿರುವುದು ಬಿದಿರು. ಅಲ್ಲಿಯವರೆಗೆ ಮೆತ್ತಗಿದ್ದ ಯೊಗೊ ಕೆರಳುತ್ತಾನೆ. ಬಿದಿರು ಹಿಡಿದು ನನ್ನನ್ನು ಕೊಲ್ಲಲು ಬಂದೆಯಾ? ತಗ್ಗಿನ ಸೂರಿನ ಕೆಳಗೆ ಸೇಬೇ ಬರೀ ಗಿಡ್ಡ ಕತ್ತಿಯಲ್ಲಿ ಕಾದುತ್ತಾನೆ. ಯೊಗೊನ ಉದ್ದ ಕತ್ತಿ ತೊಲೆಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಗೆದ್ದವನ ಮುಖದಲ್ಲಿ ಗೆದ್ದ ಕಳೆ ಒಂದಿಷ್ಟೂ ಇಲ್ಲ.

ನಮ್ಮ ಸಿನಿಮಾಗಳಲ್ಲಿ ನಾಯಕ ಕಾಲಿಟ್ಟಾಗಲೇ ಇವನು ಹೊಡೆಯಬಲ್ಲ ಅಂತ ಗೊತ್ತಾಗಬೇಕು, ಶಿಳ್ಳೆ ಬೀಳಬೇಕು. ಆ ಖುಷಿ ನನಗೂ ಬೇಕು. ಆದರೆ ಅದೊಂದೇ ನಮ್ಮ ದಾರಿಯಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿ ದಿನ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿ. ದಿನಗಟ್ಟಲೆ ತಯಾರಿ, ಒಬ್ಬರ ತಲೆಯಲ್ಲಿ ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾರೆ. ಹೊಡೆತವನ್ನು ಇಷ್ಟು ಹಿಡಿತದಲ್ಲಿಡುವುದು ನಮಗೂ ಗೊತ್ತಿದೆ. ಅದು ತೆರೆಗೆ ಬಂದಿದ್ದು ತೀರಾ ಕಮ್ಮಿ.

ಇನ್ನೊಂದು ಮಾತು. ಯೊಗೊ ಆಗಿ ನಟಿಸಿದ ಮಿನ್ ತನಾಕಾ ನೃತ್ಯಗಾರ. ಅದು ಅವರ ಮೊದಲ ಸಿನಿಮಾ. ಸಾಯುವಾಗ ಅವರ ಮೈ ಕುಸಿಯುವ ರೀತಿ ನೋಡಿದರೆ ಯಮಾದಾ ಈ ನೃತ್ಯಗಾರನನ್ನೇ ಯಾಕೆ ಕರೆದರು ಅಂತ ಗೊತ್ತಾಗುತ್ತದೆ. ರಾತ್ರಿಯಿಡೀ ಕುಣಿದು ಪಳಗಿದ ಯಕ್ಷಗಾನ ಕಲಾವಿದರು ನಮ್ಮಲ್ಲಿ ಎಷ್ಟೊಂದು ಜನ ಇದ್ದಾರೆ. ಸಿನಿಮಾದವರು ಅವರನ್ನು ಸುಮ್ನೆ ಒಂದು ಹಾಡಿನ ಹಿನ್ನೆಲೆಗೆ ಕರೆದು ಕಳಿಸಬಾರದು. ಇಂಥ ಪಾತ್ರವನ್ನೇ ಕೊಡಬೇಕು.